ಕಾಲು ತೂರಾಡೋ ಮೊದಲು

ಈ ವಾರ ಗಾಂಧಿನಗರದ ಗಾಳಿಸುದ್ದಿಗೆ ರಜೆ! ಅಕ್ಕನ ಮನೆಗೆ, ಮಾಸ್ತಿಕಟ್ಟೆಗೆ ಹೋಗಿದ್ದೆ. ಹುಲಿಕಲ್ ಘಾಟಿಯ ಮೇಲಿನ ಊರು. ಮಳೆ ಹಿಡಿದ್ರೆ ಬಿಡೋ ಮಾತೇ ಇಲ್ಲ.

ಅಕ್ಕ ಕಾಫಿ ಕೊಟ್ಟು ಮೆಲ್ಲಗೆ ಅಂದಳು: "ಮಾಣಿ ಕುಡೀತಾನೆ ಅಂತ ಯಾರೋ ಹೇಳಿದ್ರು ಮಾರಾಯ. ನಾ ನಂಬ್ಲಿಲ್ಲ. ಬಾಯಿ ವಾಸನೆ ಇಲ್ಲ, ನಡಿಗೆ ಸರಿ ಇದೆ..."

ತಪ್ಪು ಅಕ್ಕನದಲ್ಲ ಸ್ವಾಮಿ, ನಮ್ಮ ಸಿನಿಮಾದ್ದು! 1953ರಲ್ಲಿ ನಾಗೇಶ್ವರರಾವ್ ದೇವದಾಸನಾದಾಗಿಂದ ಕುಡುಕ ಅಂದ್ರೆ ಕೆದರಿದ ಕೂದಲು, ಕೈಲಿ ಬಾಟಲಿ, ತೂರಾಡೋ ಕಾಲು. 1992ರ 'ಜೀವನ ಚೈತ್ರ'ದಲ್ಲಿ ಅಣ್ಣಾವ್ರು ಸಾರಾಯಿ ವಿರುದ್ಧ ನಿಂತ್ರು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟವೂ ನಿಂತಿತು. ಆದ್ರೆ ಹದಿನೇಳರ ಹುಡುಗ ಕುಡಿಯೋಕೆ ಶುರು ಮಾಡಿದಾಗ ಹೇಗಿರ್ತಾನೆ? ಅಂಥ ಸೀನು ನೋಡಿದ ನೆನಪು ನನಗಂತೂ ಇಲ್ಲ.

ನನಗೆ ಗೊತ್ತಿರೋದು ಬೇರೆ ಕಾರಣಕ್ಕೆ. ಪಿಯುಸಿ ಬಿಟ್ಟಿದ್ದು ದುಡ್ಡಿಲ್ಲದೆ ಅಂತ ಇದೇ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅದು ಅರ್ಧ ಸತ್ಯ. ಕಾಲು ತೂರಾಡೋಕೆ ಎಷ್ಟೋ ತಿಂಗಳ ಮೊದಲೇ ನನ್ನ ಮನಸ್ಸು ತೂರಾಡ್ತಿತ್ತು. ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳಿದ್ದೆ. ಮೊದಲ ದಿನದ ಮೊದಲ ಆಟ ತಪ್ಪಿಸದವನು ಪೋಸ್ಟರ್ ಕಡೆಗೂ ತಿರುಗ್ತಿರಲಿಲ್ಲ. ಹಳೇ ಗೆಳೆಯರು ಬೇಡವಾದ್ರು. ಬೇಸರ ಮರೆಯೋಕೆ ಕುಡಿದ್ರೆ ಮಾರನೇ ದಿನ ಬೇಸರ ಇಮ್ಮಡಿ! ರಾತ್ರಿ ಸಿಡುಕು, ಬೆಳಗಾದ್ರೆ ಕೇಳದೇನೇ ಅಮ್ಮನಿಗೆ ನೀರು ಸೇದಿಕೊಡೋ ಪ್ರೀತಿ. ಅಮ್ಮ 'ವಯಸ್ಸಿನ ಗುಣ' ಅಂದ್ಕೊಂಡಳು.

ವಯಸ್ಸಿನ ಗುಣವೂ ಇರಬಹುದು, ಬೇರೇನೋ ದುಃಖವೂ ಇರಬಹುದು. ಒಂದು ದಿನ ಮುಖ ಊದಿಸಿಕೊಂಡ ಅಂತ ಜೇಬು ತಡಕಬೇಡಿ. ಇವೆಲ್ಲ ಒಟ್ಟಿಗೇ, ಇದ್ದಕ್ಕಿದ್ದಂತೆ ಬಂದು ವಾರಗಟ್ಟಲೆ ನಿಂತ್ರೆ ಮಾತ್ರ ಸುಮ್ಮನಿರಬೇಡಿ, ಕೇಳಿ. ಕುಡಿದು ಬಂದ ಹೊತ್ತಲ್ಲಿ ಅಲ್ಲ, ನೆಂಟರ ಮುಂದೆ ಅಲ್ಲ. ಹೇಗೆ ಕೇಳೋದು ತಿಳೀದಿದ್ರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡೋದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತದಂಥ ಚಟಗಳಿಗೇ ಬೇರೆ ವಿಭಾಗವಿದೆ.

"ಮಾಣಿ ಈಗ ಹಾಡು ಗುನುಗ್ತಾನಾ ಅಕ್ಕಾ?" ಕೇಳಿದೆ.

ಅಕ್ಕ ಒಲೆ ಕಡೆ ತಿರುಗಿದಳು. "ಯುಗಾದಿಯಿಂದ ಇಲ್ಲ ಮಾರಾಯ."

ಸಂಜೆ ಅವನೂ ನಾನೂ ಒಂದೇ ಕೊಡೆಯಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದ್ವಿ. ನಿಮಗೀಗ ಹೇಳಿದ್ದನ್ನೇ ಅವನಿಗೂ ಹೇಳಿದೆ. ಅವನದ್ದು ಕೇಳಲಿಲ್ಲ. ಶಿವಮೊಗ್ಗ ಬಸ್ಸು ಬಂದು ನಿಂತಿತು. ಕೊಡೆ ಅವನ ಕೈಗೆ ಕೊಟ್ಟೆ.

"ಮಾವಾ, ಮುಂದಿನ ಬಸ್ಸಿಗೆ ಹೋದ್ರೆ ಆಗದಾ?" ಅಂದ.