ಜರ್ಮನಿಯ ನಿರಾಶ್ರಿತ ಹೆಂಗಸರು: ಮಗು ಸಾಕಿದ್ದು ಕೆಲಸವಲ್ಲವೇ?

2015ರ ಆಗಸ್ಟ್ 31ರಂದು ಆಗಿನ ಜರ್ಮನ್ ಚಾನ್ಸಲರ್ ಏಂಜೆಲಾ ಮರ್ಕೆಲ್ 'ಇದು ನಮ್ಮಿಂದ ಆಗುತ್ತೆ' ಅಂದಿದ್ದರು. ಆ ಒಂದೇ ವರ್ಷ ಸುಮಾರು 8.9 ಲಕ್ಷ ಜನ ಆಶ್ರಯ ಕೇಳಿಕೊಂಡು ಆ ದೇಶಕ್ಕೆ ಬಂದರು. ಸಿರಿಯಾದವರೇ ಹೆಚ್ಚು. ಹತ್ತು ವರ್ಷದ ನಂತರ ಅಲ್ಲಿನ ಉದ್ಯೋಗ ಸಂಶೋಧನಾ ಸಂಸ್ಥೆ ಐಎಬಿ ಲೆಕ್ಕ ಹಾಕಿತು: 2015ರಲ್ಲಿ ಬಂದವರಲ್ಲಿ 2024ರ ಹೊತ್ತಿಗೆ ಶೇ. 64 ಮಂದಿ ಕೆಲಸದಲ್ಲಿದ್ದರು. ಇಡೀ ಜರ್ಮನಿಯ ಸರಾಸರಿಯೇ ಸುಮಾರು ಶೇ. 70. ಕೇಳೋಕೆ ಚೆನ್ನಾಗಿದೆ. ಆದರೆ ಆ ಸಂಖ್ಯೆಯನ್ನು ಒಡೆದು ನೋಡಿ. ಗಂಡಸರು ಶೇ. 76, ಹೆಂಗಸರು ಶೇ. 35.

ಇದಕ್ಕೆ ರೆಡಿಮೇಡ್ ಉತ್ತರ ಒಂದಿದೆ: 'ಅವರ ಸಂಸ್ಕೃತಿಯೇ ಹಾಗೆ.' ಯುದ್ಧಕ್ಕೆ ಮುಂಚೆಯೂ ಸಿರಿಯಾದಲ್ಲಿ ಹೊರಗೆ ದುಡಿಯುವ ಹೆಂಗಸರು ಕಡಿಮೆ ಇದ್ದದ್ದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವ್ಯವಸ್ಥೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಇಂಜಿನಿಯರಿಂಗಿನಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಓದಿದವರಿಗೆ ಡೆಡ್‌ಲಾಕ್ ನೆನಪಿರುತ್ತೆ. ಇವನು ಅವನಿಗಾಗಿ ಕಾಯ್ತಾನೆ, ಅವನು ಇವನಿಗಾಗಿ ಕಾಯ್ತಾನೆ, ಯಾವುದೂ ಮುಂದೆ ಹೋಗಲ್ಲ. ಇಲ್ಲಿ ಆಗುತ್ತಿರುವುದೂ ಅದೇ. ಕೆಲಸ ಸಿಗಬೇಕಾದರೆ ಜರ್ಮನ್ ಬೇಕು. ಅದಕ್ಕೆ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಇದೆ: 600 ತಾಸು ಭಾಷೆ, 100 ತಾಸು ಆ ದೇಶದ ಕಾನೂನು, ಇತಿಹಾಸ. ಕ್ಲಾಸಿಗೆ ಹೋಗಬೇಕಾದರೆ ಮಗುವನ್ನು ಯಾರಾದರೂ ನೋಡಿಕೊಳ್ಳಬೇಕು. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಕೊಡಬೇಕು ಅಂತ 2013ರಿಂದ ಕಾನೂನೇ ಇದೆ, ಆದರೆ ಸೀಟುಗಳೇ ಸಾಲುತ್ತಿಲ್ಲ. ಸಾಲದ ಕಡೆ ಆದ್ಯತೆ ಹೆಚ್ಚಾಗಿ ಯಾರಿಗೆ? ಕೆಲಸದಲ್ಲಿರುವ ಅಪ್ಪ ಅಮ್ಮಂದಿರಿಗೆ. ಅಲ್ಲಿಗೆ ಸುತ್ತು ಪೂರ್ತಿ ಆಯಿತು. ಮಗು ನೋಡಿಕೊಳ್ಳಲು ಅಜ್ಜಿ, ಚಿಕ್ಕಮ್ಮ ಜೊತೆಗಿಲ್ಲ. ನೆಂಟರು ಇರುವ ಊರಿಗೆ ಹೋಗೋಣ ಅಂದರೆ, ತಮಗೆ ಹಂಚಿಕೆಯಾದ ರಾಜ್ಯದಲ್ಲೇ ಮೂರು ವರ್ಷ ಇರಬೇಕು ಅನ್ನುವ 2016ರ ನಿಯಮ ಅಡ್ಡ ಬರುತ್ತದೆ.

ಓದಿದವರ ಪಾಡೇನು? ಟೀಚರ್ ಆಗಿದ್ದವರನ್ನೇ ನೋಡಿ. ಸಿರಿಯಾದಲ್ಲಿ ಸಾಮಾನ್ಯವಾಗಿ ಒಂದು ವಿಷಯ ಓದಿ ಟೀಚರ್ ಆಗುತ್ತಾರೆ, ಜರ್ಮನಿ ಎರಡು ಕೇಳುತ್ತದೆ. ಹತ್ತಾರು ವರ್ಷ ಗಣಿತ ಕಲಿಸಿದ ಹೆಂಗಸೂ ಅಲ್ಲಿ ಅರ್ಧ ಟೀಚರ್. ಪಾಟ್ಸ್‌ಡಾಂ ವಿಶ್ವವಿದ್ಯಾಲಯ 2016ರಲ್ಲಿ ಇಂಥವರಿಗಾಗಿಯೇ ತರಬೇತಿ ಶುರು ಮಾಡಿತು. ಒಳ್ಳೆಯ ಕೆಲಸವೇ, ಆದರೆ ಒಂದು ವಿಶ್ವವಿದ್ಯಾಲಯ ಎಷ್ಟು ಜನರನ್ನು ದಡ ಸೇರಿಸೀತು?

ಭಾಷೆ, ಡಿಗ್ರಿ ಎಲ್ಲ ಇದ್ದರೂ ತಲೆ ಮೇಲಿನ ಬಟ್ಟೆ ಉಳಿಯುತ್ತದೆ. ಅರ್ಥಶಾಸ್ತ್ರಜ್ಞೆ ಡೋರಿಸ್ ವೈಕ್ಸೆಲ್‌ಬೌಮರ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜರ್ಮನಿಯ ಕಂಪನಿಗಳಿಗೆ ಒಂದೇ ಅರ್ಹತೆಯ, ಒಬ್ಬಳದೇ ಫೋಟೋ ಇರುವ ಅರ್ಜಿಗಳು ಹೋಗಿದ್ದವು. ಜರ್ಮನ್ ಹೆಸರಿಗೆ ಶೇ. 18.8 ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಟರ್ಕಿಶ್ ಹೆಸರಿಗೆ ಶೇ. 13.5. ಅದೇ ಟರ್ಕಿಶ್ ಹೆಸರಿನವಳು ಹಿಜಾಬ್ ಹಾಕಿದಾಗ ಶೇ. 4.2. 2022ರ ಉಡುಪಿ ನೆನಪಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದದ್ದು 2024ರ ಜೂನ್ 27ರಿಂದ ಜಾರಿಯಾದ ಪೌರತ್ವ ಕಾನೂನು. ಎಂಟು ವರ್ಷದ ಕಾಯುವಿಕೆ ಐದಕ್ಕೆ ಇಳಿಯಿತು ಅಂತ ಎಲ್ಲರೂ ಹೊಗಳಿದರು. ಯಾರೂ ಹೆಚ್ಚು ಗಮನಿಸದ ಭಾಗ ಬೇರೆ ಇದೆ. ಮೊದಲು, ಸರ್ಕಾರದ ಜೀವನ ಭತ್ಯೆ ಪಡೆಯುತ್ತಿದ್ದರೂ ಅದಕ್ಕೆ ನೀವು ಕಾರಣರಲ್ಲ ಅಂತಾದರೆ ಪೌರತ್ವ ಕೇಳುವ ಹಕ್ಕು ಉಳಿಯುತ್ತಿತ್ತು. ಈಗ ವಿನಾಯಿತಿ ಬಹುಮಟ್ಟಿಗೆ ಮೂರೇ ಗುಂಪಿಗೆ: ದಶಕಗಳ ಹಿಂದೆ ಕರೆಸಿಕೊಂಡ ಅತಿಥಿ ಕಾರ್ಮಿಕರು, ಕಳೆದ 24 ತಿಂಗಳಲ್ಲಿ 20 ತಿಂಗಳು ಫುಲ್ ಟೈಮ್ ದುಡಿದವರು, ಮತ್ತು ಹಾಗೆ ದುಡಿಯುವವರ ಜೊತೆ ಮಗು ಸಾಕಿಕೊಂಡಿರುವ ಸಂಗಾತಿ.

ಅಂದರೆ ಭತ್ಯೆಯ ನೆರವಿನಲ್ಲಿರುವ ತಾಯಿಯ ಪೌರತ್ವ ಗಂಡನ ನೌಕರಿಗೆ, ಮದುವೆಗೆ ಕಟ್ಟಿಹಾಕಿದ ಹಾಗೆ. ಅವನು ಬಿಟ್ಟು ಹೋದರೆ, ಅವನ ಕೆಲಸ ಹೋದರೆ ಇವಳ ಹಕ್ಕೂ ಹೋಯಿತು. ಒಂಟಿ ತಾಯಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವ ಮಗಳು, ಇವರಿಗೆ ಉಳಿಯುವುದು ಅಧಿಕಾರಿಯ ವಿವೇಚನೆ ಮಾತ್ರ. ಹೊಡೆಯುವ ಗಂಡನನ್ನು ಬಿಟ್ಟು ಬರುವ ಮುಂಚೆ ಹೆಂಗಸು ಎರಡೆರಡು ಸಲ ಯೋಚಿಸುವಂತೆ ಮಾಡುವ ಕಾನೂನು ಇದು.

ಇನ್ನೊಂದು ಹೋಲಿಕೆ. ನನ್ನ ಇಂಜಿನಿಯರಿಂಗ್ ಬ್ಯಾಚಿನ ನಾಲ್ಕೈದು ಜನ ಬ್ಲೂ ಕಾರ್ಡ್ ಮೇಲೆ ಜರ್ಮನಿಗೆ ಹೋಗಿದ್ದಾರೆ. ಬ್ಲೂ ಕಾರ್ಡ್‌ನವರ ಗಂಡ ಅಥವಾ ಹೆಂಡತಿ ವೀಸಾಗೆ ಜರ್ಮನ್ ಕಲಿತಿರಲೇಬೇಕು ಅಂತಿಲ್ಲ, ಹೋದ ಕೂಡಲೇ ಕೆಲಸವನ್ನೂ ಮಾಡಬಹುದು. ಅವರಿಗೆ ಸಿಕ್ಕಿದ್ದರ ಬಗ್ಗೆ ನನಗೆ ತಕರಾರಿಲ್ಲ. ನಾನು ಹೇಳೋದು, ಬೇಕು ಅನಿಸಿದವರಿಗೆ ಆ ಸರ್ಕಾರ ನಿಯಮ ಸಡಿಲಿಸಬಲ್ಲದು.

2024ರ ಡಿಸೆಂಬರ್‌ನಲ್ಲಿ ಅಸಾದ್ ಆಡಳಿತ ಬಿದ್ದ ಮೇಲೆ ಸಿರಿಯಾದವರು ವಾಪಸ್ ಹೋಗಲಿ ಅನ್ನುವ ಕೂಗು ಜೋರಾಗಿದೆ. 2025ರ ಫೆಬ್ರವರಿ ಚುನಾವಣೆಯಲ್ಲಿ ಎಎಫ್‌ಡಿ ಪಕ್ಷ ಶೇ. 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂದಿದೆ. 'ಹೊಂದಿಕೊಂಡವರು ಇರಲಿ, ಉಳಿದವರು ಹೋಗಲಿ' ಅನ್ನುವುದು ಈಗ ಸಮತೋಲಿತ ಮಾತು ಅನ್ನಿಸಿಕೊಳ್ಳುತ್ತಿದೆ. ಹೊಂದಿಕೊಳ್ಳೋದು ಅಂದರೆ ಸಂಬಳದ ಚೀಟಿ ಮಾತ್ರ ಅಂತಾದರೆ ಮೊದಲು ಹೊರಬೀಳುವುದು ಈ ಹೆಂಗಸರೇ. ಗಂಡಸರ ಆ ಶೇ. 76ರ ಹಿಂದೆ ಮನೆಯಲ್ಲಿ ಮಗು ನೋಡಿಕೊಂಡ ಎಷ್ಟೋ ಹೆಂಗಸರ ದುಡಿಮೆ ಇದೆ. ಅದನ್ನು ಯಾವ ಕಾಲಂನಲ್ಲೂ ಬರೆದುಕೊಂಡಿಲ್ಲ.

ದಾರಿ ಇಲ್ಲ ಅಂತಲ್ಲ. ಭಾಷಾ ಕ್ಲಾಸ್ ನಡೆಯುವ ಕಟ್ಟಡದಲ್ಲೇ ಮಕ್ಕಳಿಗೊಂದು ಕೋಣೆ, ಕಲಿಯುತ್ತಿರುವ ತಾಯಿಗೂ ಶಿಶುವಿಹಾರದಲ್ಲಿ ಸಮಾನ ಆದ್ಯತೆ, ಆರೈಕೆಯ ವರ್ಷಗಳಿಗೆ ಪೌರತ್ವದ ಲೆಕ್ಕದಲ್ಲಿ ಜಾಗ. ಮೂರೂ ಸರ್ಕಾರದ ಕೈಯಲ್ಲೇ ಇವೆ. 'ನಮ್ಮಿಂದ ಆಗುತ್ತೆ' ಅಂದಾಗ ಆ 'ನಮ್ಮ'ಲ್ಲಿ ಈ ಹೆಂಗಸರು ಇದ್ದರಾ ಅನ್ನುವುದನ್ನು ಇನ್ನು ಅವರು ತೀರ್ಮಾನಿಸಬೇಕು.