ಕಡಲಾಳದ ಗಣಿ: ಅದಿರಿಗಿಂತ ಮೊದಲು ಅಣುಜೀವಿಗಳ ಲೆಕ್ಕ ಬೇಕು

ಮುಡುಕುತೊರೆ ಬೆಟ್ಟದ ಬುಡದಲ್ಲಿ ಕಾವೇರಿ ನೀರುಂಡು ಬೆಳೆಯುವ ಭತ್ತವಾಗಲಿ, ಅಲ್ಲಿನ ಜಾತ್ರೆಗೆ ಬರುವ ರಾಸುಗಳಾಗಲಿ ಬದುಕುವುದು ಸೂರ್ಯನ ಬೆಳಕಿನ ಬಲದಿಂದ. ಬೆಳಕಿಲ್ಲದೆಡೆ ಜೀವಸಮೂಹ ಬೆಳೆಯದೆಂಬ ನಂಬಿಕೆಯನ್ನು 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಬಳಿಯ ಕಡಲಾಳ ಸುಳ್ಳಾಗಿಸಿತು. ಸುಮಾರು 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಸುತ್ತ ಹುಳುಗಳು, ಚಿಪ್ಪುಜೀವಿಗಳು ಕಿಕ್ಕಿರಿದಿದ್ದವು. ಬುಗ್ಗೆಯಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆದು ಆಹಾರ ತಯಾರಿಸುವ ಬ್ಯಾಕ್ಟೀರಿಯಾಗಳೇ ಅವುಗಳ ಅನ್ನದಾತರು.

ಈ ಸಂಗತಿಯೀಗ ಭಾರತದ ಗಣಿ ನೀತಿಯ ಪ್ರಶ್ನೆಯೂ ಆಗಿದೆ. ಬುಗ್ಗೆಯ ನೀರು ತಣ್ಣನೆಯ ಕಡಲನ್ನು ಸೇರಿದೊಡನೆ ತಾಮ್ರ, ಸತು, ಚಿನ್ನ, ಬೆಳ್ಳಿ ಬೆರೆತ ಸಲ್ಫೈಡ್ ಅದಿರು ಶೇಖರಗೊಳ್ಳುತ್ತದೆ. ಇದರ ಶೋಧಕ್ಕೆ ಭಾರತವು 2016ರಲ್ಲಿ ಅಂತಾರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಂದಿಗೆ 15 ವರ್ಷಗಳ ಒಪ್ಪಂದ ಮಾಡಿಕೊಂಡು, ಹಿಂದೂ ಮಹಾಸಾಗರದಲ್ಲಿ 10,000 ಚದರ ಕಿ.ಮೀ. ಪ್ರದೇಶ ಪಡೆಯಿತು. 2024ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನಿಗಳು 4,500 ಮೀಟರ್ ಆಳದ ಸಕ್ರಿಯ ಬುಗ್ಗೆಯೊಂದರ ಚಿತ್ರ ಸೆರೆಹಿಡಿದರು. 2025ರಲ್ಲಿ ಕಾರ್ಲ್ಸ್‌ಬರ್ಗ್ ಪರ್ವತಶ್ರೇಣಿಯ ಶೋಧಕ್ಕೆ ಎರಡನೇ ಒಪ್ಪಂದವೂ ಆಯಿತು.

ಇಂಥ ಅದಿರು ಕನ್ನಡ ನೆಲಕ್ಕೆ ಹೊಸದೇನಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳು ನೀರಿನಡಿಯ ಜ್ವಾಲಾಮುಖಿಯ ಕುರುಹುಗಳು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿವೆ. ಅದೇ ಜಿಲ್ಲೆಯ ಇಂಗಳದಾಳಿನಲ್ಲಿ ಹಿಂದೆ ತೆಗೆಯುತ್ತಿದ್ದ ತಾಮ್ರದ ಅದಿರೂ ಪ್ರಾಚೀನ ಸಾಗರತಳದ ಜ್ವಾಲಾಮುಖಿ ಚಟುವಟಿಕೆಯ ಫಲವೆಂಬುದು ಭೂವಿಜ್ಞಾನಿಗಳ ವಿವರಣೆ. ವ್ಯತ್ಯಾಸವಿಷ್ಟೇ: ಇಂಗಳದಾಳಿನ ಬುಗ್ಗೆ ಆರಿ ಕೋಟ್ಯಂತರ ವರ್ಷಗಳಾಗಿವೆ, ಹಿಂದೂ ಮಹಾಸಾಗರದ್ದು ಇನ್ನೂ ಉಸಿರಾಡುತ್ತಿವೆ.

ಅಲ್ಲಿನ ಬುಗ್ಗೆಗಳಲ್ಲಷ್ಟೇ ಕಂಡುಬಂದಿರುವ, ಕಬ್ಬಿಣದ ಸಲ್ಫೈಡ್ ಕವಚ ತೊಟ್ಟ ಬಸವನಹುಳು ತನ್ನೊಡಲಿನ ಬ್ಯಾಕ್ಟೀರಿಯಾಗಳನ್ನೇ ನಂಬಿ ಬದುಕುತ್ತದೆ. 2019ರಲ್ಲಿ ಅದು ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಸೇರಿತು. ಕಡಲಾಳದ ಗಣಿಗಾರಿಕೆಯ ಭೀತಿಯೇ ಇದಕ್ಕೆ ಕಾರಣ.

ತಾಮ್ರದ ಬೇಡಿಕೆ ಏರುತ್ತಿದೆ, ಆರಿದ ಬುಗ್ಗೆಗಳನ್ನಷ್ಟೇ ಅಗೆದರಾಯಿತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆರಿದ ಬುಗ್ಗೆಗಳಲ್ಲೂ ಬೇರೆ ಬಗೆಯ ಅಣುಜೀವಿಗಳಿವೆ. ಅಗೆತದಿಂದೇಳುವ ಕೆಸರು ಒಪ್ಪಂದದ ಗಡಿಯನ್ನು ಕೇಳಿ ನಿಲ್ಲುವುದೂ ಇಲ್ಲ.

ಈ ಒಪ್ಪಂದಗಳು ಶೋಧಕ್ಕೆ ಮಾತ್ರ ಸೀಮಿತ. ಗಣಿಗಾರಿಕೆಯ ಅಂತಾರಾಷ್ಟ್ರೀಯ ನಿಯಮಾವಳಿ 2025ರಲ್ಲೂ ಅಂತಿಮಗೊಳ್ಳಲಿಲ್ಲ. ಈ ವಿಳಂಬವನ್ನು ಭಾರತ ಅವಕಾಶವೆಂದು ಭಾವಿಸಬೇಕು. ಅದಿರಿನ ಟನ್‌ಗಳ ಜೊತೆಗೆ ಅಲ್ಲಿನ ಜೀವಿಗಳ ಸಮೀಕ್ಷೆಯನ್ನೂ ಪೂರ್ಣಗೊಳಿಸಿ ಜನರ ಮುಂದಿಡಬೇಕು. ಅಗೆದ ಮೇಲೆ ಎಣಿಸಲು ಏನೂ ಉಳಿದಿರುವುದಿಲ್ಲ.