ಅಪ್ಪ-ಅಮ್ಮನ್ನ ಕೇಳಿದ್ರಾ?

ಹಳ್ಳಿಯಿಂದ ಬಿಇ ಓದಿ ಅಮೆರಿಕ ಸೇರಿದ ನಮ್ಮವರ ನಡುವೆ ಒಂದು ಪುಣ್ಯಕಾರ್ಯ ಚಾಲ್ತಿಯಲ್ಲಿದೆ. ಸಿಟಿಜನ್‌ಶಿಪ್ ಕೈಗೆ ಬಂದ ಕೂಡಲೇ ಅಪ್ಪ-ಅಮ್ಮನ ಹೆಸರಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕೋದು. ಹಾಕಿದವನಿಗೆ 'ಮಗ ಅಂದ್ರೆ ಹೀಗಿರ್ಬೇಕು' ಅನ್ನೋ ಸರ್ಟಿಫಿಕೇಟು. ಹಾಕದವನಿಗೆ ಮದುವೆಮನೆಗಳಲ್ಲಿ ವಿಚಾರಣೆ. ನನ್ನ ತಕರಾರು ಇಷ್ಟೇ: ಅವರನ್ನು ಸರಿಯಾಗಿ ಕೇಳದೇ ಹಾಕಿದ ಅರ್ಜಿ ಸೇವೆ ಅಲ್ಲ, ಎತ್ತಂಗಡಿ.

ಕಾನೂನೇನೋ ಈ ವಿಷಯದಲ್ಲಿ ಉದಾರವಾಗಿದೆ. 21 ವರ್ಷ ತುಂಬಿದ ಅಮೆರಿಕನ್ ಪ್ರಜೆ ಐ-130 ಅರ್ಜಿ ಹಾಕಿದರೆ, ಅಪ್ಪ-ಅಮ್ಮನಿಗೆ ವರ್ಷಕ್ಕೆ ಇಂತಿಷ್ಟೇ ಅನ್ನೋ ಮಿತಿ ಇಲ್ಲ. ಆದರೆ ಎಚ್-1ಬಿಯಲ್ಲಿ ಇರುವವರಿಗೆ ಈ ಹಕ್ಕಿಲ್ಲ, ಬರೀ ಗ್ರೀನ್ ಕಾರ್ಡ್ ಇರುವವರಿಗೂ ಇಲ್ಲ. ಭಾರತೀಯರ ಆ ಉದ್ದದ ಕ್ಯೂ ದಾಟಿ ನಾವು ಸಿಟಿಜನ್ ಆಗುವಷ್ಟರಲ್ಲಿ ಅಪ್ಪನಿಗೆ ಎಪ್ಪತ್ತಾಗಿರುತ್ತೆ. ತೆಂಗಿನ ಸಸಿಯನ್ನು ಎಲ್ಲಿ ಬೇಕಾದರೂ ನೆಡಬಹುದು. ಫಲ ಕೊಟ್ಟು ದಣಿದ ಮರವನ್ನು ಕಿತ್ತು ನೆಡೋಕಾಗುತ್ತಾ?

'ಬಂದು ಹೋಗೋಕೆ ಅನುಕೂಲ ಆಗ್ಲಿ ಅಂತ ಮಾಡಿಸ್ತಿದೀವಿ' ಅಂತಾರೆ ಕೆಲವರು. ಸುಳ್ಳು. ಬಂದು ಹೋಗೋಕೆ ವಿಸಿಟರ್ ವೀಸಾ ಇದೆ; ಹತ್ತು ವರ್ಷಕ್ಕೆ ಕೊಡ್ತಾರೆ, ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಗ್ರೀನ್ ಕಾರ್ಡ್ ಇರೋದು ಅಲ್ಲೇ ನೆಲೆಸುವವರಿಗೆ. ಊರಿಗೆ ಬಂದು ಆರು ತಿಂಗಳು ದಾಟಿದರೆ ವಾಪಸ್ ಹೋಗುವಾಗ ಏರ್‌ಪೋರ್ಟಲ್ಲಿ ಪ್ರಶ್ನೆ ಶುರು. ಮೊದಲೇ ಪರ್ಮಿಟ್ ಮಾಡಿಸದೇ ವರ್ಷ ದಾಟಿಸಿದರೆ ಕಾರ್ಡಿಗೇ ಕುತ್ತು. ಕೊಯ್ಲು, ಹಬ್ಬ, ನೆಂಟರ ಸಾವು, ಎಲ್ಲವನ್ನೂ ಕ್ಯಾಲೆಂಡರ್ ನೋಡಿಕೊಂಡು ಮಾಡಬೇಕು.

ಆರೋಗ್ಯದ ಕಥೆ ಇನ್ನೊಂದು. ಅಲ್ಲಿ ಒಂದು ದಿನವೂ ದುಡಿಯದ ಹಿರಿಯರಿಗೆ 65 ಆಗಿದ್ದರೂ ಮೆಡಿಕೇರ್ ತಕ್ಷಣ ಸಿಗಲ್ಲ. ಐದು ವರ್ಷ ಸತತವಾಗಿ ಅಲ್ಲೇ ವಾಸ ಮಾಡಿ, ಆಮೇಲೆ ತಿಂಗಳ ಕಂತು ಕಟ್ಟಿ ಪಡೀಬೇಕು. ಅಲ್ಲಿಯವರೆಗೆ ಬೇರೆ ಇನ್ಶೂರೆನ್ಸ್ ನೋಡ್ಕೋಬೇಕು. ಇನ್ನು ಊರಿನ ಸೊಸೈಟಿ ಬ್ಯಾಂಕಲ್ಲಿ ಅಪ್ಪ ಇಟ್ಟ ಎಫ್‌ಡಿಯ ಬಡ್ಡಿಯೂ ಅಮೆರಿಕದ ತೆರಿಗೆ ಲೆಕ್ಕಕ್ಕೆ ಬರುತ್ತೆ. ಇಲ್ಲಿನ ಖಾತೆಗಳಲ್ಲೆಲ್ಲ ಸೇರಿ 10,000 ಡಾಲರ್ ದಾಟಿದರೆ ಅದಕ್ಕೊಂದು ಪ್ರತ್ಯೇಕ ವರದಿ. ಇದನ್ನೆಲ್ಲ ಎಷ್ಟು ಜನ ಅಪ್ಪನ ಮುಂದೆ ಕೂತು ಬಿಡಿಸಿ ಹೇಳಿದೀರಿ?

ಕಾಗದದಲ್ಲಿ ಬರದ ನಷ್ಟವೂ ಇದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಹೋಟೆಲಲ್ಲಿ ಪೇಪರ್ ಓದಿ, ದಾರೀಲಿ ಇಬ್ಬರ ಜಗಳ ಬಿಡಿಸಿ ಮನೆಗೆ ಬರೋ ಮನುಷ್ಯ, ಅಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಮಗ ಕಾರು ತೆಗೆಯೋದನ್ನೇ ಕಾಯಬೇಕು. ಊರಲ್ಲಿ ಯಜಮಾನ, ಅಲ್ಲಿ ಸೊಸೆಯ ಆಫೀಸ್ ಕಾಲ್ ಮುಗಿಯೋವರೆಗೂ ಟಿವಿ ಸೌಂಡ್ ಕಡಿಮೆ ಇಟ್ಟುಕೊಂಡು ಕೂರೋ ಮುದುಕ.

ನಿಜ ಹೇಳಿ, ಅಪ್ಪ-ಅಮ್ಮನ ಮೇಲಿನ ಪ್ರೀತಿ ಡೇಕೇರ್ ಬಿಲ್ ನೋಡಿದಾಗಲೇ ಯಾಕೆ ಉಕ್ಕುತ್ತೆ? ಬಾಣಂತನಕ್ಕೆ ಅಮ್ಮ ಬರೋದು ನಮ್ಮ ಸಂಪ್ರದಾಯ, ಒಪ್ಪಿದೆ. ಮಗು ಶಾಲೆ ಸೇರಿದರೂ ಮುಗಿಯದ ಬಾಣಂತನ ಯಾವ ಸಂಪ್ರದಾಯ?

ಹಾಗಂತ ಕರೆಸಲೇಬೇಡಿ ಅಂತಲ್ಲ. ಒಬ್ಬರು ತೀರಿಕೊಂಡು ಇನ್ನೊಬ್ಬರು ಒಂಟಿಯಾಗಿದ್ದರೆ, ಕಾಯಿಲೆಯಲ್ಲಿ ನೋಡಿಕೊಳ್ಳೋರು ಇಲ್ಲದಿದ್ದರೆ, ಅವರಿಗೇ ಮಕ್ಕಳ ಜೊತೆ ಇರೋ ಆಸೆ ಇದ್ದರೆ, ಖಂಡಿತ ಕರೆಸಿ. ಆದರೆ ಮೊದಲು ವಿಸಿಟರ್ ವೀಸಾದಲ್ಲಿ ಒಂದು ಪೂರ್ತಿ ಚಳಿಗಾಲ ಇದ್ದು ನೋಡಲಿ. ಅಮ್ಮನನ್ನು ಬೇರೆಯಾಗಿ ಕೇಳಿ, ಅಪ್ಪನ ಎದುರಿಗೆ ಅವರು ಮನಸ್ಸಿನ ಮಾತು ಆಡಲ್ಲ. ಹೊಲ ಯಾರಿಗೆ, ಹಸು ಯಾರಿಗೆ, ಮನೆ ಬೀಗ ಯಾರ ಕೈಗೆ ಅನ್ನೋದನ್ನು ಅವರೇ ತೀರ್ಮಾನ ಮಾಡಲಿ. 'ನಿನ್ನಿಷ್ಟ ಕಣಪ್ಪ' ಅಂದರೆ ಅದನ್ನು ಒಪ್ಪಿಗೆ ಅಂದ್ಕೋಬೇಡಿ. ನಮ್ಮ ಕಡೆ ಬೇಡ ಅನ್ನೋದಕ್ಕೂ ಹಾಗೇ ಹೇಳ್ತಾರೆ.

ಬೇಡ ಅಂದರೆ ಅಲ್ಲಿಗೆ ಬಿಡಿ. ಅರ್ಜಿಗೆ, ಲಾಯರಿಗೆ ಸುರಿಯೋ ದುಡ್ಡಲ್ಲಿ ಟಿಕೆಟ್ ತಗೊಳ್ಳಿ, ಕೂಡಿಟ್ಟ ರಜೆ ಎಲ್ಲಾ ಹಾಕಿ ನೀವೇ ಊರಿಗೆ ಬನ್ನಿ. ರಿಕ್ವೈರ್‌ಮೆಂಟ್ ಕೇಳದೇ ಕೋಡ್ ಬರೆಯೋ ಜೂನಿಯರ್‌ಗೆ ದಿನಾ ಬೈಯೋ ನಮಗೆ, ಹೆತ್ತವರ ಹತ್ತಿರ ಕೂತು ನಾಲ್ಕು ಪ್ರಶ್ನೆ ಕೇಳೋದು ಅಷ್ಟು ಕಷ್ಟ ಆಗಬಾರದು.